ಲ್ಯಾಪ್‌ಟಾಪಿನಿಂದ ಟಿವಿಗೆ ಯಾವ ವೈರು: 250 ರೂಪಾಯಿಯದೋ, 2,800ರದೋ?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮದು ಸೇಡಂ. ಮನ್ಯಾಗ ಹೊಸ 43 ಇಂಚಿನ 4ಕೆ ಟಿವಿ ತಂದೀವಿ. ಮಗನ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಅದ, ಟೈಪ್-ಸಿನೂ ಅದ. ಒಳಗಿನ ಖೋಲ್ಯಾಗ ಒಂದು ಹಳೇ ಕಂಪ್ಯೂಟರ್ ಅದ, ಅದಕ್ಕ ನೀಲಿ ವಿಜಿಎ ಮತ್ತ ಬಿಳಿ ಡಿವಿಐ ಎರಡೇ ಅವ. ಎರಡೂ ಟಿವಿಗೆ ಹಚ್ಚಬೇಕು. ಕಲಬುರಗಿಗೆ ಹೋದಾಗ ಎರಡು ಅಂಗಡ್ಯಾಗ ಕೇಳ್ದೆ. ಒಬ್ರು 250 ರೂಪಾಯಿದು ಸಾಕಂದ್ರು, ಇನ್ನೊಬ್ರು ಬಂಗಾರದ ಪಿನ್ನಿಂದು 2,800ದ್ದೇ ಬೇಕು, ಇಲ್ಲಾಂದ್ರ 4ಕೆ ಬರಂಗಿಲ್ಲ ಅಂದ್ರು. 250ರದ್ದೇ ತಂದು ಲ್ಯಾಪ್‌ಟಾಪಿಗೆ ಹಚ್ಚೀನಿ. ಚಿತ್ರ ಬರ್ತದ, ಆದ್ರ ಕೆಳಗಿನ ಪಟ್ಟಿ ಕಾಣಂಗಿಲ್ಲ, ಆವಾಜ್ ಲ್ಯಾಪ್‌ಟಾಪಿನಾಗೇ ಬರ್ತದ, ಮೌಸ್ ಎಳದಂಗ ಆಗ್ತದ. ಖೋಲಿಯಿಂದ ಟಿವಿ ತನಕ 30 ಫೂಟ್ ಅದ. ಯಾವ ವೈರ್ ತಗೋಬೇಕ್ರಿ?

ಉತ್ತರ: ನೀವು ಬರೆದ ಮೂರು ತಕರಾರುಗಳಲ್ಲಿ ಒಂದೂ ವೈರಿನದಲ್ಲ. ಕೆಳಗಿನ ಪಟ್ಟಿ ಕಾಣದಿರುವುದು ಟಿವಿಯ ಸೆಟ್ಟಿಂಗ್. ಆವಾಜ್ ಟಿವಿಗೆ ಹೋಗದಿರುವುದು ವಿಂಡೋಸ್‌ನ ಸೆಟ್ಟಿಂಗ್. ಮೌಸ್ ಎಳೆದಂತಾಗುವುದು, ಲ್ಯಾಪ್‌ಟಾಪು ಸೆಕೆಂಡಿಗೆ 60 ಚಿತ್ರ ಕಳಿಸುವ ಬದಲು 30 ಮಾತ್ರ ಕಳಿಸುತ್ತಿದೆ ಎಂಬುದರ ಗುರುತು. 2,800 ಕೊಟ್ಟು ತಂದಿದ್ದರೂ ಇವು ಮೂರೂ ಹಾಗೇ ಉಳಿಯುತ್ತಿದ್ದವು. ಇರುವ ವೈರನ್ನೇ ಹಚ್ಚಿಟ್ಟು ಮೊದಲು ಇವನ್ನು ಸರಿಮಾಡಿಕೊಳ್ಳಿ, ಖರೀದಿಯ ಮಾತು ಆಮೇಲೆ.

ಪಟ್ಟಿ ಕತ್ತರಿಸಿಹೋಗುವುದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಡಬ್ಬಿ ಟಿವಿಗಳ ಕಾಲದಲ್ಲಿ ಪ್ರಸಾರದ ಚಿತ್ರದ ಅಂಚು ಸರಿಯಿರುತ್ತಿರಲಿಲ್ಲವೆಂದು ಟಿವಿಗಳು ಚಿತ್ರವನ್ನು ಕೊಂಚ ಹಿಗ್ಗಿಸಿ ನಾಲ್ಕೂ ಬದಿ ಮರೆಮಾಡುತ್ತಿದ್ದವು. ಆ ಚಾಳಿ ಇನ್ನೂ ಹೋಗಿಲ್ಲ. ಟಿವಿ ಮೆನುವಿನಲ್ಲಿ ಚಿತ್ರದ ಅಳತೆ ಇರುವಲ್ಲಿ ಸ್ಯಾಮ್‌ಸಂಗ್ ಆದರೆ 'ಫಿಟ್ ಟು ಸ್ಕ್ರೀನ್', ಎಲ್‌ಜಿ ಆದರೆ 'ಜಸ್ಟ್ ಸ್ಕ್ಯಾನ್', ಸೋನಿ ಆದರೆ 'ಫುಲ್ ಪಿಕ್ಸೆಲ್' ಹುಡುಕಿ. ಅಲ್ಲಿಗೆ ಹೋದಾಗಲೇ ಇನ್ನೊಂದು ಕೆಲಸ ಮುಗಿಸಿ: ಲ್ಯಾಪ್‌ಟಾಪು ಹಚ್ಚಿದ ಇನ್‌ಪುಟ್‌ನ ಹೆಸರನ್ನು ಅಥವಾ ಚಿಹ್ನೆಯನ್ನು 'ಪಿಸಿ' ಎಂದು ಬದಲಿಸಿ. ಇದು ಬರೀ ಹೆಸರಲ್ಲ. ಹಲವು ಟಿವಿಗಳು ಆ ಹೆಸರು ಕಂಡಮೇಲೆಯೇ ಪ್ರತಿ ಪಿಕ್ಸೆಲ್ಲಿನ (ಚಿತ್ರದ ಒಂದೊಂದು ಚುಕ್ಕೆಯ) ಬಣ್ಣವನ್ನು ಪೂರ್ತಿ ತೋರಿಸುತ್ತವೆ, ಚಿತ್ರವನ್ನು ತಿದ್ದುವ ಕೆಲಸವನ್ನೂ ಬಿಡುತ್ತವೆ. ಸಿನಿಮಾ ನೋಡುವಾಗ ವ್ಯತ್ಯಾಸ ತಿಳಿಯುವುದಿಲ್ಲ. ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಬರೆದು ನೋಡಿ: 'ಪಿಸಿ' ಎನ್ನುವ ಮೊದಲು ಅದು ಕಲಸಿದಂತೆ ಕಾಣುತ್ತದೆ, ಅಂದಮೇಲೆ ಕೊರೆದಂತೆ.

ಆವಾಜಿಗೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸೌಂಡ್, ಅಲ್ಲಿ ಔಟ್‌ಪುಟ್ ಎಂಬಲ್ಲಿ ಟಿವಿಯ ಹೆಸರು ಆರಿಸಿದರೆ ಮುಗಿಯಿತು.

ಮೌಸಿನದು ಸ್ವಲ್ಪ ಕೆದಕಬೇಕಾದ ವಿಷಯ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋಗಿ, ಮೇಲೆ ಟಿವಿಯನ್ನು ಆರಿಸಿ, ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಹರ್ಟ್ಸ್ ಲೆಕ್ಕ, ಎಷ್ಟಿದೆ ನೋಡಿ. 30 ಹರ್ಟ್ಸ್ ಇದ್ದು ಪಟ್ಟಿಯಲ್ಲಿ 60 ಕೂಡ ಇದ್ದರೆ ಅದನ್ನೇ ಒತ್ತಿ. 60 ಇಲ್ಲವೇ ಇಲ್ಲ ಎಂದಾದರೆ ಟಿವಿಯ ಕಡೆ ನೋಡಿ. ಹಲವು 4ಕೆ ಟಿವಿಗಳಲ್ಲಿ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಒಂದು ಬೀಗವಿರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಅದು 'ಇನ್‌ಪುಟ್ ಸಿಗ್ನಲ್ ಪ್ಲಸ್', ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್'. ಹಳೆಯ ಸೆಟ್‌ಟಾಪ್ ಬಾಕ್ಸುಗಳಿಗೆ ತೊಂದರೆಯಾಗದಿರಲೆಂದು ಕೆಲವು ಟಿವಿಗಳನ್ನು ಇದು ಮುಚ್ಚಿದ ಸ್ಥಿತಿಯಲ್ಲೇ ಕಾರ್ಖಾನೆಯಿಂದ ಕಳಿಸುತ್ತಾರೆ. ತೆರೆಯಿರಿ. ಆಗಲೂ 60 ಬರದಿದ್ದರೆ ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟೇ ಹಳೆಯ ಮಟ್ಟದ್ದು ಎಂದು ಅರ್ಥ.

ಹಳೆಯ ಮಟ್ಟ ಅಂದರೇನು? ಇಲ್ಲಿ ಲೆಕ್ಕ ಹಾಕಿಯೇ ನೋಡೋಣ, ಅಂಗಡಿಯ ಮಾತಿಗೆ ಉತ್ತರವೂ ಇದರಲ್ಲೇ ಇದೆ. 1080ಪಿ (1920×1080 ಪಿಕ್ಸೆಲ್ಲಿನ) ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಎಚ್‌ಡಿಎಂಐ ವೈರಿನಲ್ಲಿ ಸೆಕೆಂಡಿಗೆ 4.46 ಗಿಗಾಬಿಟ್ ಹರಿಯಬೇಕು. 4ಕೆ ಅದರ ನಾಲ್ಕು ಪಟ್ಟು ಪಿಕ್ಸೆಲ್. ಅದನ್ನು 30 ಸಲ ಕಳಿಸಿದರೆ 8.91, 60 ಸಲ ಕಳಿಸಿದರೆ 17.82 ಗಿಗಾಬಿಟ್. 2009ರಲ್ಲಿ ಬಂದ ಎಚ್‌ಡಿಎಂಐ 1.4ರ ಮಿತಿ 10.2 ಗಿಗಾಬಿಟ್, ಹಾಗಾಗಿ ಅದರಲ್ಲಿ 4ಕೆ 30ಕ್ಕೇ ನಿಲ್ಲುತ್ತದೆ. 2013ರ 2.0 ಮಿತಿಯನ್ನು 18ಕ್ಕೆ ಏರಿಸಿತು, 17.82 ಅದರಲ್ಲಿ ಅಂಚಿಗಂಚು ಹಿಡಿಯುತ್ತದೆ. 2017ರ 2.1ರಲ್ಲಿ 48 ಗಿಗಾಬಿಟ್, ಅದು 120 ಹರ್ಟ್ಸ್ ಆಟ ಆಡುವವರಿಗೆ. ಹೊಸ ಲ್ಯಾಪ್‌ಟಾಪುಗಳಲ್ಲೂ, ಅದರಲ್ಲೂ ಕಡಿಮೆ ಬೆಲೆಯವುಗಳಲ್ಲಿ, 1.4ರ ಪೋರ್ಟನ್ನೇ ಕೂರಿಸಿರುವುದುಂಟು. ಆ ಪೋರ್ಟಿಗೆ ಎಂಥ ವೈರು ತಂದರೂ ಮೌಸ್ ಎಳೆಯುವುದೇ.

1.4, 2.0, 2.1 ಇವೆಲ್ಲ ಪೋರ್ಟುಗಳ ಮಟ್ಟ, ವೈರುಗಳದಲ್ಲ. ವೈರಿಗೆ ಬೇರೆ ಹೆಸರುಗಳಿವೆ: ಹೈ ಸ್ಪೀಡ್ ಅಂದರೆ 10.2 ಗಿಗಾಬಿಟ್, ಪ್ರೀಮಿಯಂ ಹೈ ಸ್ಪೀಡ್ ಅಂದರೆ 18, ಅಲ್ಟ್ರಾ ಹೈ ಸ್ಪೀಡ್ ಅಂದರೆ 48. ಡಬ್ಬಿಯ ಮೇಲೆ '2.0 ಕೇಬಲ್' ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದು ಮಾರುವವರ ಭಾಷೆ. ಕೊನೆಯ ಎರಡು ದರ್ಜೆಗಳಿಗೆ ಪರೀಕ್ಷೆ ಪಾಸಾದ ಚೀಟಿ ಡಬ್ಬಿಯ ಮೇಲೆ ಅಂಟಿರುತ್ತದೆ, ಎಚ್‌ಡಿಎಂಐ ಸಂಸ್ಥೆಯ ಆ್ಯಪ್‌ನಿಂದ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡಬಹುದು. ಬಂಗಾರದ ಲೇಪ ಪಿನ್ನು ಕಿಲುಬು ಹಿಡಿಯದಂತೆ ಕಾಯುತ್ತದೆ, ಅಷ್ಟೇ. ಅದರಿಂದ ಚಿತ್ರ ಒಂದಿಷ್ಟೂ ಚೆನ್ನಾಗುವುದಿಲ್ಲ. ಆಗುವುದೂ ಶಕ್ಯವಿಲ್ಲ, ಏಕೆಂದರೆ ಎಚ್‌ಡಿಎಂಐನಲ್ಲಿ ಹೋಗುವುದು ಅಂಕಿಗಳು. ಅಂಕಿಗಳು ಸರಿಯಾಗಿ ತಲುಪಿದರೆ 250ರ ವೈರಿನ ಚಿತ್ರಕ್ಕೂ 2,800ರ ವೈರಿನ ಚಿತ್ರಕ್ಕೂ ಪಿಕ್ಸೆಲ್ಲಿನಷ್ಟೂ ಭೇದವಿಲ್ಲ. ತಲುಪದಿದ್ದರೆ ಚಿತ್ರ ಮಸುಕಾಗುವುದಿಲ್ಲ. ಬಿಳಿ ಚುಕ್ಕೆಗಳು ಮಿನುಗುತ್ತವೆ, ಪರದೆ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಬರುತ್ತದೆ, ಅಥವಾ 'ನೋ ಸಿಗ್ನಲ್' ಎಂದುಬಿಡುತ್ತದೆ. ಈ ಮೂರರಲ್ಲಿ ಒಂದು ಕಂಡರೆ ಮಾತ್ರ ವೈರಿನ ಮೇಲೆ ಅನುಮಾನಪಡಿ. ಪರೀಕ್ಷೆ ಸುಲಭ: ರಿಫ್ರೆಶ್ ರೇಟನ್ನು 60ರಿಂದ 30ಕ್ಕೆ ಇಳಿಸಿ. ಚುಕ್ಕೆಗಳು ಮಾಯವಾದರೆ ವೈರು ಭಾರ ತಾಳುತ್ತಿಲ್ಲ. ಹಾಗೇ ಉಳಿದರೆ ಪೋರ್ಟು ಬದಲಿಸಿ ನೋಡಿ.

ಲ್ಯಾಪ್‌ಟಾಪು ಟಿವಿಯ ಪಕ್ಕದಲ್ಲೇ ಇರುತ್ತದೆಂದಾದರೆ 2 ಮೀಟರಿನ, ಚೀಟಿ ಅಂಟಿದ ಪ್ರೀಮಿಯಂ ಹೈ ಸ್ಪೀಡ್ ವೈರು ಧಾರಾಳ ಸಾಕು. ನಿಮ್ಮ 250ರದು 60 ಹರ್ಟ್ಸ್‌ನಲ್ಲಿ ಒಂದು ಪೂರ್ತಿ ಸಿನಿಮಾ ಚುಕ್ಕೆಯಿಲ್ಲದೆ ಓಡಿಸಿದರೆ ಅದೂ ಬೇಡ.

ಲ್ಯಾಪ್‌ಟಾಪಿನ ಎಚ್‌ಡಿಎಂಐ 30ಕ್ಕೇ ನಿಂತರೆ ಎರಡು ದಾರಿ. ಒಂದು, ರೆಸಲ್ಯೂಶನ್ನನ್ನು 1920×1080ಕ್ಕೆ ಇಳಿಸಿ 60 ಹರ್ಟ್ಸ್ ಇಟ್ಟುಕೊಳ್ಳುವುದು. 43 ಇಂಚಿನ ಪರದೆಯನ್ನು 8-10 ಅಡಿ ದೂರ ಕುಳಿತು ನೋಡುವಾಗ ಪಾಠದ ವಿಡಿಯೊ, ಸಿನಿಮಾಗಳಿಗೆ ಇದರಿಂದ ಏನೂ ನಷ್ಟವಿಲ್ಲ. ಹತ್ತಿರ ಕುಳಿತು ಅಕ್ಷರ ಓದುವವರಿಗಷ್ಟೇ 4ಕೆ ಬೇಕು. ಇನ್ನೊಂದು ದಾರಿ ಟೈಪ್-ಸಿ. ಆದರೆ ಎಲ್ಲ ಟೈಪ್-ಸಿ ಪೋರ್ಟಿನಲ್ಲೂ ಚಿತ್ರ ಬರುವುದಿಲ್ಲ. ಪೋರ್ಟಿನ ಪಕ್ಕ ಇಂಗ್ಲಿಷಿನ 'ಡಿ' ಅಕ್ಷರದೊಳಗೆ 'ಪಿ' ಕೂತಂತಿರುವ ಚಿಹ್ನೆ ಅಥವಾ ಸಿಡಿಲಿನ ಗುರುತು ಇದ್ದರೆ ಬರುತ್ತದೆ. ಏನೂ ಗುರುತಿಲ್ಲದಿದ್ದರೆ ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಹಾಕಿ ಕಂಪನಿಯ ವಿವರಪಟ್ಟಿಯಲ್ಲಿ ಟೈಪ್-ಸಿಯ ಮುಂದೆ 'ಡಿಸ್‌ಪ್ಲೇಪೋರ್ಟ್' ಎಂದಿದೆಯೇ ನೋಡಿ. ಇದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ವೈರು ತನ್ನಿ, ಆದರೆ ಡಬ್ಬಿಯ ಮೇಲೆ '4ಕೆ 60 ಹರ್ಟ್ಸ್' ಎಂದು ಬರೆದಿರಲೇಬೇಕು. ಬರೀ '4ಕೆ' ಎಂದರೆ ಅದು ಹೆಚ್ಚಾಗಿ 30ರದೇ, ಮತ್ತೆ ಅದೇ ಮೌಸು ಅದೇ ಎಳೆತ.

ಹಾಗೇ ಒಂದು ಮಾತು: ಮಾಮೂಲಿ ಚೌಕ ಯುಎಸ್‌ಬಿ ಒಂದು ತುದಿ, ಎಚ್‌ಡಿಎಂಐ ಇನ್ನೊಂದು ತುದಿ ಇರುವ ಬರೀ ವೈರು ಅಗ್ಗವಾಗಿ ಸಿಗುತ್ತದೆ. ಅದರಿಂದ ಕಂಪ್ಯೂಟರಿನ ಚಿತ್ರ ಬರುವುದಿಲ್ಲ. ಟಿವಿಯ ಹಿಂದಿರುವ ಯುಎಸ್‌ಬಿ ಪೆನ್‌ಡ್ರೈವಿಗೆ ಇಟ್ಟದ್ದು, ಅದಕ್ಕೂ ಲ್ಯಾಪ್‌ಟಾಪು ಹಚ್ಚಿ ಪ್ರಯೋಜನವಿಲ್ಲ.

ಇನ್ನು ಹಳೇ ಕಂಪ್ಯೂಟರ್. ನೀಲಿ ವಿಜಿಎ 1987ರಲ್ಲಿ ಐಬಿಎಂ ತಂದದ್ದು. ಮೂರು ಸಾಲಿನಲ್ಲಿ 15 ತೂತು, ಎರಡು ಬದಿ ತಿರುಪು. ಅದರಲ್ಲಿ ಹರಿಯುವುದು ಅಂಕಿಯಲ್ಲ, ಏರಿಳಿಯುವ ವೋಲ್ಟೇಜು, ಆದ್ದರಿಂದ ಬರೀ ತುದಿ ಬದಲಿಸುವ ಅಡಾಪ್ಟರ್ ಹಾಕಿದರೆ ಎಚ್‌ಡಿಎಂಐ ಆಗುವುದಿಲ್ಲ. ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕು. ಬಿಳಿ ಡಿವಿಐ 1999ರದು, ಅದರದೂ ಎಚ್‌ಡಿಎಂಐನದೂ ಅಂಕಿಯ ಭಾಷೆ ಒಂದೇ. ಡಿವಿಐನಿಂದ ಎಚ್‌ಡಿಎಂಐಗೆ ಬರೀ ವೈರು ಸಾಕು, ಚಿಪ್ ಬೇಡ, ಕರೆಂಟ್ ಬೇಡ. ಹಾಗಾಗಿ ಮೊದಲು ಡಿವಿಐಯನ್ನೇ ಹಿಡಿಯಿರಿ, 1080ಪಿ 60 ಹರ್ಟ್ಸ್ ಸಲೀಸಾಗಿ ಬರುತ್ತದೆ.

ಕೊಳ್ಳುವ ಮೊದಲು ಆ ಬಿಳಿ ಪೋರ್ಟನ್ನು ಟಾರ್ಚ್ ಹಿಡಿದು ನೋಡಿ. ಒಂದು ಬದಿಯಲ್ಲಿ ಅಡ್ಡ ಗೀಟಿನಂಥ ಸೀಳು ಇರುತ್ತದೆ. ಆ ಸೀಳಿನ ಸುತ್ತ ನಾಲ್ಕು ಸಣ್ಣ ತೂತುಗಳಿದ್ದರೆ ಅದು ಡಿವಿಐ-ಐ, ಇಲ್ಲದಿದ್ದರೆ ಡಿವಿಐ-ಡಿ. ತರುವ ವೈರಿನ ತುದಿ ಡಿವಿಐ-ಡಿಯದ್ದೇ ಇರಲಿ, ಅದು ಎರಡಕ್ಕೂ ಕೂರುತ್ತದೆ. ನಾಲ್ಕು ಪಿನ್ನು ಹೆಚ್ಚಿಗೆ ಇರುವ ತುದಿ ಡಿವಿಐ-ಡಿ ಪೋರ್ಟಿಗೆ ಹೋಗುವುದಿಲ್ಲ, ಒತ್ತಿದರೆ ಪಿನ್ನು ಮುರಿಯುತ್ತದೆ.

ಡಿವಿಐನಲ್ಲಿ ತೊಡಕಿರುವುದು ಆವಾಜಿನದು. ಅದು ಚಿತ್ರಕ್ಕೆಂದೇ ಮಾಡಿದ್ದು. ಆದರೂ ಕೆಲವು ಗ್ರಾಫಿಕ್ಸ್ ಕಾರ್ಡುಗಳು ಎಚ್‌ಡಿಎಂಐ ಟಿವಿ ಕಂಡರೆ ಅದೇ ದಾರಿಯಲ್ಲಿ ಆವಾಜನ್ನೂ ಕಳಿಸುತ್ತವೆ. ಹಚ್ಚಿದಮೇಲೆ ಸೌಂಡ್ ಪಟ್ಟಿಯಲ್ಲಿ ಟಿವಿಯ ಹೆಸರು ಕಂಡರೆ ನಿಮ್ಮ ಅದೃಷ್ಟ. ಕಾಣದಿದ್ದರೆ ಕಂಪ್ಯೂಟರಿನ ಹಸಿರು ಜಾಕಿಗೆ ಬೇರೆ ಸ್ಪೀಕರ್ ಹಚ್ಚಿ, ಅಥವಾ ಡಿವಿಐ ಬಿಟ್ಟು ವಿಜಿಎ ಕನ್ವರ್ಟರಿಗೆ ಬನ್ನಿ. ಕನ್ವರ್ಟರಿಗೆ ಮೂರು ಬಾಲ ಇರುವುದನ್ನೇ ಕೇಳಿ: ವಿಜಿಎ, ಆವಾಜಿಗೆ 3.5 ಮಿಲಿಮೀಟರ್ ಜಾಕು, ಕರೆಂಟಿಗೆ ಯುಎಸ್‌ಬಿ. ಅಂಗಡಿಯಲ್ಲಿ ಆಗುವ ದೊಡ್ಡ ತಪ್ಪು ದಿಕ್ಕಿನದು. 'ವಿಜಿಎ ಟು ಎಚ್‌ಡಿಎಂಐ' ಮತ್ತು 'ಎಚ್‌ಡಿಎಂಐ ಟು ವಿಜಿಎ' ನೋಡಲು ಅಣ್ಣ-ತಮ್ಮಂದಿರಂತೆ ಇರುತ್ತವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಿಮಗೆ ಬೇಕಾದದ್ದು ಮೊದಲನೆಯದು. ಕಂಪ್ಯೂಟರಿನ ಕಡೆಯ ಹೆಸರು ಮೊದಲು ಬರುತ್ತದೆಂದು ನೆನಪಿಟ್ಟರೆ ಸಾಕು. ಕನ್ವರ್ಟರನ್ನು ಕಂಪ್ಯೂಟರಿನ ಬೆನ್ನಿಗೇ ಹಚ್ಚಿ, ದೂರಕ್ಕೆ ಎಚ್‌ಡಿಎಂಐ ಎಳೆಯಿರಿ. ವಿಜಿಎ ವೈರನ್ನೇ 30 ಅಡಿ ಎಳೆದರೆ ಅಕ್ಷರದ ಬಲಕ್ಕೆ ಅದರದೇ ನೆರಳು ಬೀಳುತ್ತದೆ. ವಿಜಿಎ ದಾರಿಯಲ್ಲಿ ನಕಲು ತಡೆಯುವ ಎಚ್‌ಡಿಸಿಪಿ ಇಲ್ಲದ ಕಾರಣ ದುಡ್ಡು ಕಟ್ಟಿ ನೋಡುವ ಕೆಲವು ಸಿನಿಮಾ ಆ್ಯಪ್‌ಗಳು ಕಪ್ಪು ಪರದೆ ತೋರಿಸಬಹುದು, ಇಲ್ಲವೇ ಚಿತ್ರದ ಗುಣಮಟ್ಟ ಇಳಿಸಬಹುದು. ಅದನ್ನು ಕನ್ವರ್ಟರ್ ಕೆಟ್ಟಿದೆ ಎಂದುಕೊಂಡು ವಾಪಸ್ ಒಯ್ಯಬೇಡಿ.

ಈಗ ನಿಮ್ಮ 30 ಅಡಿ. ಅದನ್ನು ಕಣ್ಣಳತೆಯಲ್ಲಿ ಹೇಳಿದಿರೋ, ಸುತಳಿ ಹಿಡಿದು ಅಳೆದಿರೋ? ವೈರು ಗಾಳಿಯಲ್ಲಿ ಹಾರಿಹೋಗುವುದಿಲ್ಲ. ಟಿವಿಯಿಂದ ನೆಲಕ್ಕೆ 4 ಅಡಿ ಇಳಿಯಬೇಕು. ಬಾಗಿಲ ಚೌಕಟ್ಟು ಬಳಸಿ ಹೋದರೆ ಏರಲು 7 ಅಡಿ, ಇಳಿಯಲು 7 ಅಡಿ. 30 ಇದ್ದದ್ದು 48 ಅಡಿಯಾಯಿತು, ಅಂದರೆ 14.6 ಮೀಟರು. ಒಂದು ಸುತಳಿಯನ್ನು ವೈರು ಹೋಗುವ ದಾರಿಯಲ್ಲೇ ಹಾಸಿ, ಎರಡೂ ತುದಿಗೆ ಒಂದೊಂದು ಅಡಿ ಸಡಿಲ ಬಿಟ್ಟು, ಆಮೇಲೆ ಟೇಪು ಹಿಡಿಯಿರಿ. ಉದ್ದ ಸಾಲದೆ ನಡುವೆ ಜೋಡಣೆ ಹಾಕುವುದೇ ಹೆಚ್ಚಿನ ಕಡೆ ಚುಕ್ಕೆಗಳಿಗೆ ಕಾರಣ.

ತಾಮ್ರದ ಸಾದಾ ವೈರು 4ಕೆ 60ಕ್ಕೆ 5 ಮೀಟರ್ ತನಕ ನಂಬಿಕೆಯದು. 1080ಪಿಗೆ ಒಳ್ಳೆಯ ದಪ್ಪ ವೈರು 10 ಮೀಟರ್ ತನಕ ನಡೆಯುತ್ತದೆ. ದಪ್ಪವನ್ನು ಹೊದಿಕೆಯ ಮೇಲಿನ ಎಡಬ್ಲ್ಯುಜಿ ಅಂಕಿಯಲ್ಲಿ ನೋಡಿ. ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ, 30ಕ್ಕಿಂತ 28 ಉತ್ತಮ. ಅದರಾಚೆ ಫೈಬರ್ ಎಚ್‌ಡಿಎಂಐಗೆ ಹೋಗಬೇಕು. ಅದರಲ್ಲಿ ಚಿತ್ರ ಬೆಳಕಾಗಿ ಹೋಗುತ್ತದೆ, 15 ಮೀಟರ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಅದಕ್ಕೆ ತಲೆ-ಬಾಲ ಇದೆ: 'ಸೋರ್ಸ್' ಎಂದು ಬರೆದ ತುದಿ ಕಂಪ್ಯೂಟರಿಗೆ, 'ಡಿಸ್‌ಪ್ಲೇ' ಎಂದು ಬರೆದದ್ದು ಟಿವಿಗೆ. ತಿರುಗಿಸಿ ಹಚ್ಚಿದರೆ ಏನೂ ಬರುವುದಿಲ್ಲ. ಒಳಗಿನ ಚಿಪ್‌ಗಳಿಗೆ ಬೇಕಾದ ಕರೆಂಟನ್ನು ಅದು ಪೋರ್ಟಿನ 5 ವೋಲ್ಟಿನಿಂದಲೇ ಹೀರುತ್ತದೆ, ಹಳೇ ಡಿವಿಐ ಅಷ್ಟು ಕೊಡದಿರಬಹುದು. ಯುಎಸ್‌ಬಿ ಬಾಲವಿರುವ ಫೈಬರ್ ವೈರನ್ನೇ ಆರಿಸಿ.

ನಿಜ ಹೇಳಬೇಕೆಂದರೆ ನಿಮ್ಮ ಸಂದರ್ಭದಲ್ಲಿ ಫೈಬರಿಗೆ ದುಡ್ಡು ಹಾಕುವುದು ಸಮಂಜಸವಲ್ಲ. 1080ಪಿ ಮಾತ್ರ ಕೊಡುವ ಹಳೇ ಕಂಪ್ಯೂಟರಿಗಾಗಿ 15 ಮೀಟರ್ ಎಳೆಯುವ ಬದಲು ಆ ಡಬ್ಬಿಯನ್ನೇ ಎತ್ತಿ ಟಿವಿಯ ಕೆಳಗೆ ಇಟ್ಟು, ವೈರ್‌ಲೆಸ್ ಕೀಬೋರ್ಡ್-ಮೌಸ್ ತಂದರೆ 2 ಮೀಟರಿನ ಡಿವಿಐ ವೈರಿನಲ್ಲಿ ಕೆಲಸ ಮುಗಿಯುತ್ತದೆ. ಖೋಲಿಯಲ್ಲೇ ಇರಬೇಕೆಂಬ ಹಟವಿದ್ದರೆ ಮಾತ್ರ ಮುಂದಿನದು.

ಅದಕ್ಕೂ ಮೊದಲು ಕರೆಂಟಿನ ಮಾತು, ವೈರಿಗಿಂತ ಹೆಚ್ಚಾಗಿ ಪೋರ್ಟುಗಳು ಸುಡುವುದು ಇದರಿಂದ. ಅನೇಕ ಟಿವಿಗಳಿಗೆ ಟೂ-ಪಿನ್ ಪ್ಲಗ್. ಅರ್ಥಿಂಗ್ ಇಲ್ಲದ ಅಂಥ ಸೆಟ್ಟಿನ ಲೋಹದ ಭಾಗದಲ್ಲಿ ಸಣ್ಣ ಸೋರಿಕೆ ಕರೆಂಟ್ ನಿಂತಿರುತ್ತದೆ, ಕೈ ತಾಗಿದರೆ ಜುಮ್ಮೆನ್ನುತ್ತದೆ. ಮೈಗೆ ಅದರಿಂದ ಸಾಮಾನ್ಯವಾಗಿ ಅಪಾಯವಿಲ್ಲ, ಆದರೆ ಚಾಲೂ ಇರುವಾಗ ಎಚ್‌ಡಿಎಂಐ ಚುಚ್ಚಿದ ಕ್ಷಣ ಅದು ಸಣ್ಣ ಪಿನ್ನುಗಳ ಮೂಲಕ ಹಾರಿದರೆ ಪೋರ್ಟಿನ ಚಿಪ್ ಹೋಗಬಹುದು. ಡಿಶ್ಶಿನ ಅಥವಾ ಕೇಬಲ್ ಟಿವಿಯ ವೈರೂ ಹಚ್ಚಿದ್ದರೆ ಮನೆಯ ಹೊರಗಿನ ವೋಲ್ಟೇಜೂ ಒಳಗೆ ಬರುತ್ತದೆ. ಎರಡೂ ಕಡೆ ಗೋಡೆಯ ಸ್ವಿಚ್ ಆಫ್ ಮಾಡಿ, ಡಿಶ್ ವೈರು ತೆಗೆದು, ಎಚ್‌ಡಿಎಂಐ ಕೂರಿಸಿ, ಆಮೇಲೆ ಡಿಶ್ ಹಚ್ಚಿ ಸ್ವಿಚ್ ಹಾಕಿ. ಟಿವಿ ಮತ್ತು ಕಂಪ್ಯೂಟರ್ ಒಂದೇ ಬೋರ್ಡಿನಿಂದ ಕರೆಂಟ್ ಪಡೆದರೆ ಉತ್ತಮ. ಬೇರೆ ಖೋಲಿಯ ಕಂಪ್ಯೂಟರಿಗೆ ತಾಮ್ರದ ವೈರು ಎಳೆಯುವುದು ನನಗೆ ಇಷ್ಟವಾಗದಿರುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆಯ ಕರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಯ ಹಿಡಿತವೂ ಸಡಿಲವಾಗುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವ ತನಕ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ಗನ್ನೂ ಡಿಶ್ ವೈರನ್ನೂ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.

ಗೋಡೆಯೊಳಗೆ ವೈರು ಹಾಕುವುದಾದರೆ: ಎಚ್‌ಡಿಎಂಐ ತುದಿಯ ಪ್ಲಾಸ್ಟಿಕ್ ಹಿಡಿ ಸುಮಾರು 20 ಮಿಲಿಮೀಟರ್ ಅಗಲ. ಮಾಮೂಲಿ ವೈರಿಂಗಿಗೆ ಹಾಕುವ 20 ಮಿಲಿಮೀಟರ್ ಪೈಪಿನಲ್ಲಿ ಅದು ತೂರುವುದಿಲ್ಲ, 25ರಲ್ಲಿ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. 32ರ ಪೈಪ್ ಹಾಕಿಸಿ, ತಿರುವುಗಳಲ್ಲಿ ಚೂಪು ಮೊಣಕೈ ಬೇಡ, ಉದ್ದ ಬಾಗಿನದು ಇರಲಿ. ಶಹಾಬಾದ್ ಕಲ್ಲಿನ ದಪ್ಪ ಗೋಡೆಯಾದರೆ ಅಗೆಸುವ ಗೋಜಿಗೇ ಹೋಗಬೇಡಿ, ಬುಡದಲ್ಲಿ ಒಂದು ತೂತು ಕೊರೆಸಿ ಉಳಿದದ್ದಕ್ಕೆ ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಿ. ಟಿವಿ ಗೋಡೆಗೆ ಒತ್ತಿಕೊಂಡಿದ್ದರೆ ಹಿಂದೆ ವೈರು ಮಡಿಚಿ ಪೋರ್ಟನ್ನು ಮೇಲಕ್ಕೆತ್ತುತ್ತದೆ. ಎಚ್‌ಡಿಎಂಐಗೆ ತಿರುಪಿಲ್ಲ, ಉದ್ದ ವೈರಿನ ಭಾರವೆಲ್ಲ ಬೋರ್ಡಿನ ಬೆಸುಗೆಯ ಮೇಲೇ. ಮೊಣಕೈ ಆಕಾರದ ಅಡಾಪ್ಟರ್ ಹಾಕಿ, ಒಂದು ಅಡಿ ಕೆಳಗೆ ವೈರನ್ನು ಕ್ಲಿಪ್ಪಿಗೆ ಕಟ್ಟಿ. ಮೊಣಕೈಯಲ್ಲೂ ಎರಡು ಜಾತಿ, 90 ಮತ್ತು 270 ಡಿಗ್ರಿ. ಒಂದು ಕೆಳಕ್ಕೆ ಬಾಗಿದರೆ ಇನ್ನೊಂದು ಮೇಲಕ್ಕೆ. ಪೋರ್ಟಿನ ಅಗಲದ ಬದಿ ಮೇಲಿದೆಯೋ ಕೆಳಗಿದೆಯೋ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಪೈಪಿಗೆ ತೂರಿಸುವ ಮೊದಲು ವೈರನ್ನು ನೆಲದ ಮೇಲೇ ಹಾಸಿ, ಎರಡೂ ತುದಿ ಹಚ್ಚಿ, ಒಂದು ಸಂಜೆ ಪೂರ್ತಿ ಓಡಿಸಿ ನೋಡಿ. ತೂರಿಸುವಾಗ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ, ಹಿಡಿಯನ್ನಲ್ಲ ಹೊದಿಕೆಯನ್ನು ಕಟ್ಟಿ ಎಳೆಯಿರಿ. ವೈರಿನ ಜೊತೆಗೇ ಒಂದು ನೈಲಾನ್ ಹುರಿಯನ್ನೂ ಎಳೆದು ಪೈಪಿನಲ್ಲೇ ಬಿಟ್ಟುಬಿಡಿ, ನಾಳೆ ಈ ವೈರು ಬದಲಿಸಬೇಕಾದಾಗ ಗೋಡೆ ಮುಟ್ಟುವ ಕೆಲಸವಿರುವುದಿಲ್ಲ.